ಎರಡು ಹಳೆಯ ಮಾರುತಿ 800, ಒಂದು ಒಳ್ಳೆಯ ಎಂಜಿನ್: ಮನೆಯಂಗಳದಲ್ಲೇ ಬದಲಿಸುವ ಬಗೆ

ಕರಾವಳಿಯಲ್ಲಿ ಓಡಿದ ಹಳೆಯ ಮಾರುತಿ 800 ನೋಡಿದರೆ ಹೆಚ್ಚಾಗಿ ಒಂದೇ ಕಥೆ. ಉಪ್ಪುಗಾಳಿ ಮತ್ತು ಮಳೆಗೆ ಕಾಲ ಕೆಳಗಿನ ತಗಡು ತೂತುಬಿದ್ದಿರುತ್ತದೆ, ಬಾಗಿಲ ಅಡಿಪಟ್ಟಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಆದರೆ ಎಂಜಿನ್ ಚೊಕ್ಕವಾಗಿ ಓಡುತ್ತಿರುತ್ತದೆ. ಬಯಲುಸೀಮೆಯ ಕಾರಿನಲ್ಲಿ ಇದು ತಿರುವುಮುರುವು. ಬಾಡಿ ಗಟ್ಟಿಮುಟ್ಟು, ಆದರೆ ವರ್ಷಗಟ್ಟಲೆ ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿದು ಎಂಜಿನ್ನಿನೊಳಗೆ ಸುಣ್ಣ ಕಟ್ಟಿ, ಒಮ್ಮೆಯಾದರೂ ಕಾದು ಹೆಡ್ ಹಾಳಾಗಿರುತ್ತದೆ. ಇಂಥ ಎರಡು ಕಾರುಗಳು ಒಬ್ಬರ ಕೈಗೆ ಸಿಕ್ಕರೆ, ಎರಡನ್ನೂ ಗುಜರಿಗೆ ಹಾಕದೆ ಒಂದನ್ನು ಉಳಿಸಿಕೊಳ್ಳಬಹುದು. ಸ್ವಲ್ಪ ಮಟ್ಟಿಗೆ ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದು, ಜತೆಗೆ ಒಬ್ಬ ಸಹಾಯಕ್ಕಿದ್ದರೆ ಮನೆಯಲ್ಲೇ ಮಾಡುವ ಕೆಲಸ ಇದು.

ಎಂಜಿನ್ ಇಳಿಸುವುದು, ಏರಿಸುವುದು ಇದರಲ್ಲಿ ಕಷ್ಟದ ಭಾಗವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ಚಿಕ್ಕದು, ಎಂಜಿನ್ 796 ಸಿಸಿಯ ಮೂರು ಸಿಲಿಂಡರಿನದು, ಬೋಲ್ಟುಗಳಿಗೆ ಕೈ ಎಟುಕುತ್ತದೆ. ಹೊರಬಂದ ಎಂಜಿನ್ ನೆಲದ ಮೇಲಿರುವಾಗ ನೀವು ಅದಕ್ಕೆ ಏನೇನು ಮಾಡುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಇವತ್ತು ಇಳಿಸಿ ಇವತ್ತೇ ಏರಿಸಬೇಕೆಂಬ ಆತುರದಲ್ಲಿ ಹಳೆಯ ಆಯಿಲ್ ಸೀಲ್, ಹಳೆಯ ಕ್ಲಚ್ ಪ್ಲೇಟ್ ಹಾಗೇ ಬಿಟ್ಟು ಕೂರಿಸಿದರೆ, ಆರು ತಿಂಗಳಲ್ಲಿ ಮತ್ತೆ ಅದೇ ಎಂಜಿನ್ನನ್ನು ಇಳಿಸಬೇಕಾಗುತ್ತದೆ.

ಯಾವುದಕ್ಕೆ ಯಾವುದು ಹೊಂದುತ್ತದೆ

800 ಮಾರುಕಟ್ಟೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. 1986ರಲ್ಲಿ ಬಾಡಿ ಪೂರ್ತಿ ಬದಲಾಯಿತು. ಇವತ್ತು ರಸ್ತೆಯಲ್ಲಿ ಕಾಣುವುದೆಲ್ಲ ಆ ಎರಡನೆಯ ರೂಪದ ಕಾರೇ. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಇಷ್ಟು ವರ್ಷ ಹೆಸರು ಒಂದೇ ಇದ್ದರೂ ಬಾನೆಟ್ಟಿನ ಕೆಳಗೆ ಮುಖ್ಯವಾಗಿ ಎರಡು ಪಂಗಡಗಳಿವೆ: ಕಾರ್ಬುರೇಟರ್ ಇರುವುದು, ಮತ್ತು 2000ದ ಆಸುಪಾಸಿನಲ್ಲಿ ಬಂದ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹತೋಟಿಯಲ್ಲಿ ಪೆಟ್ರೋಲ್ ಚಿಮ್ಮಿಸುವುದು. ಕಾರ್ಬುರೇಟರ್ ಕಾರಿಗೆ ಕಾರ್ಬುರೇಟರ್ ಎಂಜಿನ್, ಎಂಪಿಎಫ್‌ಐಗೆ ಎಂಪಿಎಫ್‌ಐ. ಇದನ್ನು ದಾಟಬೇಡಿ. ಎಂಪಿಎಫ್‌ಐ ಎಂಜಿನ್ನನ್ನು ಹಳೆಯ ಕಾರಿಗೆ ಹಾಕಹೊರಟರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಸೆನ್ಸರುಗಳು, ವೈರಿಂಗ್, ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪಂಪು ಎಲ್ಲವೂ ಅದರ ಹಿಂದೆ ಬರಬೇಕು. ಅದು ಎಂಜಿನ್ ಬದಲಾವಣೆಯಲ್ಲ, ಅರ್ಧ ಕಾರಿನ ಬದಲಾವಣೆ. ಎಂಪಿಎಫ್‌ಐಯಲ್ಲೂ ಸಿಲಿಂಡರಿಗೆ ಎರಡು ವಾಲ್ವಿನದು ಮತ್ತು ನಾಲ್ಕು ವಾಲ್ವಿನದು ಎಂದು ಎರಡು ಬಗೆಗಳಿವೆ, ಅವನ್ನೂ ಬೆರೆಸಬೇಡಿ.

"ಆಮ್ನಿ ಎಂಜಿನ್ನೂ ಇದೇ ಅಲ್ಲವೇ, ಅದು ಸುಲಭವಾಗಿ ಸಿಗುತ್ತದೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದೂ 796 ಸಿಸಿಯೇ, ಒಳಗಿನ ಬಹಳಷ್ಟು ಭಾಗ ಒಂದೇ ವಂಶದ್ದು. ಆದರೆ ಆಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. 800ರಲ್ಲಿ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಸಂಪ್ (ತಳದ ಆಯಿಲ್ ತಟ್ಟೆ), ಮ್ಯಾನಿಫೋಲ್ಡ್, ಮೌಂಟಿಂಗ್ (ಎಂಜಿನ್ ಕೂರುವ ರಬ್ಬರ್ ಆಸರೆ) ಹಿಡಿಯುವ ಜಾಗ ಬೇರೆ ಬೇರೆ. ಮೊದಲ ಸಲ ಮಾಡುವವರು ಆ ಕಡೆ ಹೋಗದಿರುವುದೇ ಒಳ್ಳೆಯದು. ಇನ್ನು ನಿಮ್ಮ ಹತ್ತಿರ 1986ಕ್ಕಿಂತ ಹಿಂದಿನ ಮೊದಲ ರೂಪದ 800 ಇದ್ದರೆ, ದಯವಿಟ್ಟು ಅದರ ಮೂಲ ಎಂಜಿನ್ ತೆಗೆಯಬೇಡಿ. ಅದನ್ನು ಬಿಚ್ಚಿ, ಬೋರ್ ಮಾಡಿಸಿ, ಅದನ್ನೇ ಉಳಿಸಿಕೊಳ್ಳಿ.

ಕಾಗದಪತ್ರ ಮೊದಲು, ಸ್ಪ್ಯಾನರ್ ಆಮೇಲೆ

ಆರ್‌ಸಿಯಲ್ಲಿ ಚಾಸಿ ನಂಬರ್ ಜತೆಗೆ ಎಂಜಿನ್ ನಂಬರ್ ಕೂಡ ಇದೆ. ಎಂಜಿನ್ ಬದಲಾದರೆ ಆರ್‌ಸಿಯೂ ಬದಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನು ಹೇಳುತ್ತದೆ. ಬದಲಾವಣೆಯಾದ 14 ದಿನದೊಳಗೆ ನಿಮ್ಮ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಕೆಲಸ ಮುಗಿದ ಮೇಲೆ ಮಾತ್ರ ಹೋಗುವ ಬದಲು, ಶುರು ಮಾಡುವ ಮೊದಲೇ ಕಚೇರಿಗೆ ಹೋಗಿ ಯಾವ ಅರ್ಜಿ, ಯಾವ ದಾಖಲೆ ಎಂದು ಕೇಳಿ ಅನುಮತಿ ಪಡೆಯಿರಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವಾಗ ಇನ್‌ಸ್ಪೆಕ್ಟರ್ ನಂಬರ್ ತಾಳೆ ನೋಡುತ್ತಾರೆ. ಅಪಘಾತವಾದರೆ ವಿಮಾ ಕಂಪನಿಯವರೂ ನೋಡುತ್ತಾರೆ. ಹಾಗಾಗಿ ವಿಮೆಯವರಿಗೂ ಪತ್ರ ಬರೆದು ತಿಳಿಸಿ.

ಎಂಜಿನ್ ಕೊಡುವ ಕಾರನ್ನು ಪೂರ್ತಿ ಕಾರಾಗಿಯೇ, ಮೂಲ ಆರ್‌ಸಿ ಸಮೇತ, ಮಾರಿದವರ ಸಹಿ ಇರುವ ಕಾಗದದ ಜತೆ ಕೊಳ್ಳಿ. ಸಾಲ ಬಾಕಿ ಇದೆಯೇ ಎಂದು ಆರ್‌ಸಿಯಲ್ಲೇ ನೋಡಿ. ಬೆಂಗಳೂರಿನ ಶಿವಾಜಿನಗರದಂಥ ಕಡೆ ಬಿಡಿ ಎಂಜಿನ್ ಸಿಗಬಹುದು, ಆದರೆ ಯಾವ ಕಾರಿನದೆಂದು ತೋರಿಸುವ ಕಾಗದವಿಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಎಂಜಿನ್ ಹೊರಗಿರುವಾಗ ಬ್ಲಾಕಿನ ಮೇಲಿನ ನಂಬರನ್ನು ತಂತಿ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಕಾಗದವಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಫೋಟೋ ಕೂಡ. ಎಂಜಿನ್ ಕೂತ ಮೇಲೆ ಆ ಮೂಲೆಗೆ ಕೈ ಹಾಕುವುದು ಕಷ್ಟ.

ಇಳಿಸುವ ಮುನ್ನ ಎಂಜಿನ್ನನ್ನು ಓಡಿಸಿ ನೋಡಿ

ಸಾಧ್ಯವಾದರೆ ಕಾರಿನಲ್ಲಿರುವಾಗಲೇ ಪರೀಕ್ಷೆ ಮುಗಿಸಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಮೊದಲ ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಓಡುವಾಗಲೆಲ್ಲ ನೀಲಿ ಬಂದರೆ ರಿಂಗ್ ಸವೆದಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಭಾಗ ನೋಡಿ: ಹಾಲಿನ ಕೆನೆಯಂಥ ಲೇಪ ದಪ್ಪಗೆ ಇದ್ದರೆ ಆಯಿಲ್ಲಿಗೆ ನೀರು ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಆಯಿಲ್ ದೀಪ ಮಿನುಗಿದರೆ ಬೇರಿಂಗುಗಳು ಸವೆದಿವೆ. ಅಂಥ ಎಂಜಿನ್ ಬೇಡ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಕಟ್ಟುವ ಒತ್ತಡ. ಎಂಜಿನ್ ಬಿಸಿ ಇರುವಾಗ ಮೂರೂ ಪ್ಲಗ್ ತೆಗೆದು, ಕಾಯಿಲ್ ವೈರ್ ಕಳಚಿ, ಗೇಜನ್ನು ಒಂದೊಂದೇ ಸಿಲಿಂಡರಿಗೆ ಹಿಡಿದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಬರುವ ಸಂಖ್ಯೆಗಿಂತ ಮೂರರ ನಡುವಿನ ಸಮಾನತೆ ಮುಖ್ಯ. ಒಂದಕ್ಕೂ ಇನ್ನೊಂದಕ್ಕೂ ಚದರ ಸೆಂಟಿಮೀಟರಿಗೆ 1 ಕೆಜಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಹುಡುಕಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಸಂಖ್ಯೆ ಏರಿದರೆ ರಿಂಗಿನ ತೊಂದರೆ, ಏರದಿದ್ದರೆ ವಾಲ್ವಿನದು. ಗ್ಯಾಸ್ ಕಿಟ್ಟಿನಲ್ಲಿ ವರ್ಷಗಟ್ಟಲೆ ಓಡಿದ ಎಂಜಿನ್ನಿನಲ್ಲಿ ವಾಲ್ವ್ ಸೀಟ್ ಒಳಗಿಳಿದಿರುವುದು ಸಾಮಾನ್ಯ; ಹೆಡ್ ತೆಗೆದು ಕೆಲಸ ಮಾಡಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿದೇ ಕೊಳ್ಳಿ.

ಜಾಗ ಮತ್ತು ಎತ್ತುವ ವ್ಯವಸ್ಥೆ

ಸಿಮೆಂಟ್ ನೆಲ ಬೇಕು, ಮಟ್ಟವಾಗಿರಬೇಕು. ಕಾರಿನ ಕೆಳಗೆ ಹೋಗಬೇಕಾದಾಗ ಜಾಕಿಯನ್ನು ನಂಬಬೇಡಿ. ಗಟ್ಟಿ ಸ್ಟ್ಯಾಂಡುಗಳ ಮೇಲೆ ಕಾರು ಕೂತಿರಲಿ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳನ್ನು ಪೇರಿಸಿ ಕೆಳಗೆ ನುಗ್ಗಬೇಡಿ, ಅವು ಸೀಳುವ ಮೊದಲು ಸೂಚನೆ ಕೊಡುವುದಿಲ್ಲ. ತುಕ್ಕು ಹಿಡಿದ ಕಾರಿನಲ್ಲಿ ಇನ್ನೊಂದು ಎಚ್ಚರ: ಜಾಕಿ ಕೊಡುವ ಅಂಚೇ ತಿಂದುಹೋಗಿರಬಹುದು. ಸುತ್ತಿಗೆಯ ಹಿಡಿಯಿಂದ ತಟ್ಟಿ, ಗಟ್ಟಿ ಸದ್ದು ಬಂದ ಕಡೆ ಮಾತ್ರ ಭಾರ ಹಾಕಿ.

ಎತ್ತಲು ಚಕ್ರವಿರುವ ಎಂಜಿನ್ ಕ್ರೇನ್ ಬಾಡಿಗೆಗೆ ಸಿಕ್ಕರೆ ಅದೇ ಉತ್ತಮ. ಇಲ್ಲದಿದ್ದರೆ ದಪ್ಪ ಕಬ್ಬಿಣದ ಪೈಪಿನ ಮೂರು ಕಾಲಿನ ಸ್ಟ್ಯಾಂಡಿಗೆ ಒಂದು ಟನ್ನಿನ ಚೈನ್ ಬ್ಲಾಕ್ ತೂಗುಹಾಕಿ. ಪಡಸಾಲೆಯ ಉಯ್ಯಾಲೆ ಕೊಂಡಿಗೆ, ಮಾವಿನ ಕೊಂಬೆಗೆ ಕಟ್ಟುವುದು ಬೇಡ. ಗ್ಯಾರೇಜಿನಲ್ಲಿ ಇಬ್ಬರು ಪೈಪು ತೂರಿಸಿ ಹೆಗಲಿಗೆ ಹೊತ್ತು ಎತ್ತುವುದನ್ನು ನೀವು ನೋಡಿರಬಹುದು. ಅವರ ಬೆನ್ನಿಗೂ ಅದು ಒಳ್ಳೆಯದಲ್ಲ, ಕೂರಿಸುವಾಗ ಅರ್ಧ ಅಂಗುಲ ಸರಿಸಲು ಅದರಲ್ಲಿ ಆಗುವುದೂ ಇಲ್ಲ.

10, 12, 14, 17 ಸೈಜಿನ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್‌ಗಳಲ್ಲಿ ಬಹುಪಾಲು ಮುಗಿಯುತ್ತದೆ. ಟಾರ್ಕ್ ರೆಂಚ್ ಸಾಲ ತಂದರೂ ಸರಿ, ಇರಲಿ. ತುಕ್ಕು ಹಿಡಿದ ಬೋಲ್ಟುಗಳಿಗೆ, ಅದರಲ್ಲೂ ಸೈಲೆನ್ಸರ್ ಪೈಪಿನವಕ್ಕೆ, ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ.

ಎರಡು ಕಾರೂ ಒಂದೇ ಬಗೆಯಾದ್ದರಿಂದ ಆಗುವ ಗೊಂದಲ ಒಂದಿದೆ: ಯಾವ ಬೋಲ್ಟು ಯಾವ ಕಾರಿನದು, ಯಾವ ಫೋಟೋ ಯಾವುದರದು ಎಂದು ಸಂಜೆಯ ಹೊತ್ತಿಗೆ ಗೊತ್ತಾಗುವುದಿಲ್ಲ. ಎರಡು ಬಣ್ಣದ ಟೇಪ್ ಇಟ್ಟುಕೊಳ್ಳಿ, ಒಂದು ಕಾರಿಗೆ ಒಂದು ಬಣ್ಣ. ಕಳಚಿದ ಪ್ರತಿ ವೈರು, ಪ್ರತಿ ಪೈಪಿನ ಎರಡೂ ತುದಿಗೆ ಒಂದೇ ನಂಬರ್ ಬರೆದು ಅಂಟಿಸಿ. ಗೇರ್‌ಬಾಕ್ಸ್ ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ದಪ್ಪ ರಟ್ಟಿನ ಮೇಲೆ ಗೇರ್‌ಬಾಕ್ಸಿನ ಆಕಾರ ಬರೆದು, ತೆಗೆದ ಬೋಲ್ಟನ್ನು ಅದೇ ಜಾಗಕ್ಕೆ ಚುಚ್ಚಿಡಿ. ಕಾರ್ಬುರೇಟರಿನ ಸುತ್ತಲಿನ ಸಣ್ಣ ರಬ್ಬರ್ ಪೈಪುಗಳನ್ನಂತೂ ಕಳಚುವ ಮುನ್ನ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ.

ಇಳಿಸುವ ಕ್ರಮ

ಬ್ಯಾಟರಿ ಮೊದಲು, ಅದರಲ್ಲೂ ಮೈನಸ್ ತುದಿ ಮೊದಲು. ಬಾನೆಟ್ ಕಳಚಿ ದೂರ ಇಡಿ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ನೀರು, ಎಂಜಿನ್ ಆಯಿಲ್, ಗೇರ್ ಆಯಿಲ್ ಇಳಿಸಿ. ಕೂಲಂಟ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಅದನ್ನು ಅಂಗಳದಲ್ಲಿ ಹರಿಯಬಿಡದೆ ಕ್ಯಾನಿಗೆ ಹಿಡಿಯಿರಿ. ಹಳೆಯ ಆಯಿಲ್ಲನ್ನೂ ಚರಂಡಿಗೆ, ಗಿಡದ ಬುಡಕ್ಕೆ ಸುರಿಯದೆ ಸರ್ವಿಸ್ ಸ್ಟೇಷನ್ನಿಗೆ ಕೊಡಿ.

ರೇಡಿಯೇಟರನ್ನು ಫ್ಯಾನ್ ಸಮೇತ ತೆಗೆಯಿರಿ, ಜಾಗವೂ ಆಗುತ್ತದೆ, ಅದರ ತೆಳು ಜಾಲರಿಗೂ ಪೆಟ್ಟಾಗುವುದಿಲ್ಲ. ಏರ್ ಫಿಲ್ಟರ್ ಡಬ್ಬ, ಆಕ್ಸಿಲರೇಟರ್, ಚೋಕ್, ಕ್ಲಚ್, ಸ್ಪೀಡೋಮೀಟರ್ ಕೇಬಲ್ಲುಗಳು. ಸೆಲ್ಫ್, ಆಲ್ಟರ್ನೇಟರ್, ಟೆಂಪರೇಚರ್, ಆಯಿಲ್ ಪ್ರೆಷರ್, ಡಿಸ್ಟ್ರಿಬ್ಯೂಟರಿನ ವೈರುಗಳು. ಪೆಟ್ರೋಲ್ ಪೈಪು ಕಳಚಿದ ಕೂಡಲೇ ಬೋಲ್ಟು ತುರುಕಿ ಬಾಯಿ ಮುಚ್ಚಿ. ಆ ಹೊತ್ತಿನಲ್ಲಿ ಹತ್ತಿರ ಬೀಡಿ, ಗ್ರೈಂಡರ್, ಬಲ್ಬಿನ ತೂಗುದೀಪ ಯಾವುದೂ ಬೇಡ. ಕಾರ್ಬುರೇಟರ್ ಬಾಯಿಗೆ ಬಟ್ಟೆ ಮುಚ್ಚುವುದಾದರೆ ಕೆಂಪು ಬಟ್ಟೆ ದೊಡ್ಡದಾಗಿ ಹೊರಗೆ ಕಾಣುವಂತಿರಲಿ.

ಕೆಳಗಿನಿಂದ ಸೈಲೆನ್ಸರ್ ಪೈಪು, ಗೇರ್ ರಾಡುಗಳು. ಡ್ರೈವ್ ಶಾಫ್ಟ್‌ಗೆ ಚಕ್ರದ ಕಡೆಯ ದೊಡ್ಡ ನಟ್ ಬಿಚ್ಚುವ ಅಗತ್ಯವಿಲ್ಲ. ಕೆಳಗಿನ ಆರ್ಮ್‌ನ ಬಾಲ್ ಜಾಯಿಂಟ್ ಬಿಡಿಸಿ ಚಕ್ರದ ಭಾಗವನ್ನು ಹೊರಗೆ ಎಳೆದು, ಒಳತುದಿಯನ್ನು ಗೇರ್‌ಬಾಕ್ಸಿನಿಂದ ಲಿವರ್ ಹಾಕಿ ಮೀಟಿದರೆ ಸಾಕು. ಮೀಟುವಾಗ ಲಿವರ್ ತುದಿ ಆಯಿಲ್ ಸೀಲ್‌ಗೆ ತಾಗದಿರಲಿ. ಹೊರಬಂದ ಶಾಫ್ಟನ್ನು ಜೋತುಬೀಳಲು ಬಿಡದೆ ತಂತಿಯಿಂದ ಕಟ್ಟಿಹಾಕಿ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಜತೆಗೇ ಮೇಲಕ್ಕೆ ತೆಗೆಯಿರಿ. ಬೇರೆ ಮಾಡುವುದು ನೆಲದ ಮೇಲೆ ಸುಲಭ, ಬಾನೆಟ್ಟಿನೊಳಗೆ ಕಷ್ಟ. ಚೈನಿಗೆ ಭಾರ ಬರುವಷ್ಟು ಎಳೆದ ಮೇಲೆ ಮೌಂಟಿಂಗ್ ಬೋಲ್ಟು ಬಿಚ್ಚಿ. ಆಮೇಲೆ ನಾಲ್ಕು ಬೆರಳಷ್ಟು ಎತ್ತಿ ನಿಲ್ಲಿಸಿ, ಸುತ್ತ ಟಾರ್ಚ್ ಹಿಡಿದು ನೋಡಿ. ಮರೆತ ಒಂದು ವೈರು ಯಾವಾಗಲೂ ಅಲ್ಲಿ ಸಿಗುತ್ತದೆ, ಹೆಚ್ಚಾಗಿ ಅರ್ತ್ ವೈರು.

ನೆಲದ ಮೇಲಿರುವಾಗ

ಇಲ್ಲಿ ಸಮಯ ಕೊಡಿ. ಒಂದು ವಾರ ಹಿಡಿದರೂ ಚಿಂತೆಯಿಲ್ಲ. ಜತೆಗೆ ದುಡ್ಡನ್ನೂ ಇಲ್ಲೇ ಹಾಕಬೇಕು. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಮಾತ್ರವಲ್ಲ, ತಾಲ್ಲೂಕು ಊರುಗಳ ಅಂಗಡಿಯಲ್ಲೂ ಇವತ್ತಿಗೂ ಸಿಗುವ ಕಾರು ಇದು.

ಮೊದಲು ಹೊರಗಿನ ಜಿಡ್ಡನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಮತ್ತು ಬ್ರಷ್ಷಿನಿಂದ ತೊಳೆಯಿರಿ, ಎಲ್ಲಿಂದ ಸೋರುತ್ತಿತ್ತು ಎಂಬುದನ್ನು ನೋಡಿಕೊಂಡ ಮೇಲೆಯೇ. ಗೇರ್‌ಬಾಕ್ಸ್ ಬೇರೆ ಮಾಡಿ. ಪ್ರೆಷರ್ ಪ್ಲೇಟ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಹೊಸದು ಹಾಕಿ. ಫ್ಲೈವೀಲ್ ಬಿಚ್ಚಿದರೆ ಅದರ ಹಿಂದೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಕಾಣುತ್ತದೆ. ಬೆಲೆ ಅತಿ ಕಡಿಮೆ, ಆದರೆ ಬದಲಿಸಲು ಇಷ್ಟೆಲ್ಲ ಇಳಿಸಬೇಕು. ಹಾಗಾಗಿ ಒಣಗಿದ್ದರೂ, ಸೋರದಿದ್ದರೂ ಈಗಲೇ ಬದಲಿಸಿ. ಹೊಸ ಸೀಲ್‌ನ ತುಟಿಗೆ ಆಯಿಲ್ ಸವರಿ, ಸೀಲ್‌ನಷ್ಟೇ ಅಗಲದ ಪೈಪಿನ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ.

ಮುಂದಿನ ಕಡೆ ಟೈಮಿಂಗ್ ಬೆಲ್ಟ್. ಹಳೆಯದರ ಚರಿತ್ರೆ ನಿಮಗೆ ಗೊತ್ತಿಲ್ಲ, ಬದಲಿಸಿ, ಟೆನ್ಷನರ್ ಕೂಡ. ಕವರ್ ತೆಗೆದಾಗಲೇ ಕ್ರ್ಯಾಂಕ್ ಮತ್ತು ಕ್ಯಾಮ್ ಸೀಲುಗಳನ್ನೂ ಹೊಸದು ಮಾಡಿ. ಗುರುತುಗಳನ್ನು ಸರಿಹೊಂದಿಸಿ ಬೆಲ್ಟ್ ಹಾಕಿದ ಮೇಲೆ, ಪ್ಲಗ್ ತೆಗೆದಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಗುರುತು ನೋಡಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಬೆಲ್ಟ್ ತೆಗೆದು ಮೊದಲಿನಿಂದ ಹೊಂದಿಸಿ.

ನೀರಿನ ದಾರಿ ಮುಖ್ಯ. ವಾಟರ್ ಪಂಪ್, ಥರ್ಮೋಸ್ಟ್ಯಾಟ್, ಎಲ್ಲ ಹೋಸ್ ಮತ್ತು ಕ್ಲಿಪ್ ಹೊಸದು. ಥರ್ಮೋಸ್ಟ್ಯಾಟ್ ಇಲ್ಲದೇ ಓಡಿಸುವುದು ನಮ್ಮ ಸೆಖೆಗೆ ಒಳ್ಳೆಯದೆಂಬ ನಂಬಿಕೆ ಹಲವು ಗ್ಯಾರೇಜುಗಳಲ್ಲಿದೆ. ಅದರಿಂದ ಎಂಜಿನ್ ಸರಿಯಾದ ಬಿಸಿಗೆ ಬರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರೂ ಬೇಗ ಸವೆಯುತ್ತದೆ. ಬ್ಲಾಕಿನ ಬದಿಯಲ್ಲಿ ನಾಣ್ಯದ ಆಕಾರದ ತಗಡಿನ ಮುಚ್ಚಳಗಳಿವೆ. ಅವುಗಳ ಸುತ್ತ ಕಂದುಬಣ್ಣದ ಒಸರು ಕಂಡರೆ ಒಳಗಿನಿಂದ ತುಕ್ಕು ತಿಂದು ತೆಳುವಾಗಿವೆ ಎಂದರ್ಥ. ಚೂಪು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ, ಕುಸಿದರೆ ಬದಲಿಸಿ. ಅವು ತೆಗೆದಿರುವಾಗ ಪೈಪಿನ ನೀರು ಬಿಟ್ಟು, ಸಪೂರ ತಂತಿಯಿಂದ ಕೆದಕಿ, ಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಕೆಂಪು ಕೆಸರು ಎಷ್ಟು ಬರುತ್ತದೆಂದು ನೋಡಿದರೆ, ಇನ್ನೆಂದೂ ಬೋರ್‌ವೆಲ್ ನೀರು ಹಾಕುವ ಮನಸ್ಸಾಗುವುದಿಲ್ಲ.

ಸಂಪ್ ಇಳಿಸಿ ಒಳಗಿನ ಜಾಲರಿ ತೊಳೆಯಿರಿ. ಸಂಪಿನ ತಳದಲ್ಲಿ ಹೊಳೆಯುವ ತಾಮ್ರಬಣ್ಣದ ಚೂರುಗಳಿದ್ದರೆ ಬೇರಿಂಗ್ ಹೋಗಿದೆ. ಅಲ್ಲಿಗೇ ನಿಲ್ಲಿಸಿ ಎಂಜಿನ್ ವರ್ಕ್ಸ್‌ಗೆ ಒಯ್ಯಿರಿ. ಗ್ಯಾಸ್ಕೆಟ್ ಅಂಟನ್ನು ತೆಳ್ಳಗೆ ಹಚ್ಚಿ. ಒಳಗೆ ಹಿಂಡಿಬಂದ ಹೆಚ್ಚುವರಿ ಅಂಟು ಕಳಚಿಕೊಂಡು ಆ ಜಾಲರಿಯನ್ನೇ ಕಟ್ಟುತ್ತದೆ. ವಾಲ್ವ್ ಕ್ಲಿಯರೆನ್ಸನ್ನೂ ಈಗಲೇ, ತಣ್ಣಗಿರುವಾಗ, ಸರ್ವಿಸ್ ಪುಸ್ತಕದ ಅಳತೆಗೆ ಹೊಂದಿಸಿ. ಮೌಂಟಿಂಗ್ ರಬ್ಬರ್ ಎರಡು ಕಾರಿನವೂ ಹಳೆಯವೇ, ಅವೂ ಹೊಸತಾಗಲಿ.

ಗೇರ್‌ಬಾಕ್ಸ್ ಯಾವುದು? ಉಳಿಸಿಕೊಳ್ಳುವ ಕಾರಿನದು ಸದ್ದಿಲ್ಲದೆ ಓಡುತ್ತಿದ್ದರೆ ಅದನ್ನೇ ಇಟ್ಟುಕೊಳ್ಳಿ. ಅದರ ರಾಡು, ಕೇಬಲ್ಲು ಎಲ್ಲ ಹೊಂದಿಕೊಂಡಿರುತ್ತವೆ.

ಕೂರಿಸುವುದು

ಕ್ಲಚ್ ಪ್ಲೇಟ್ ನಡುವಿಗೆ ಬರಬೇಕು. ಹಳೆಯ ಇನ್‌ಪುಟ್ ಶಾಫ್ಟ್ ಸಿಕ್ಕರೆ ಅದನ್ನು ತೂರಿಸಿ. ಇಲ್ಲದಿದ್ದರೆ ಮರದ ಕೋಲಿಗೆ ರಂಧ್ರದ ಅಳತೆಗೆ ಟೇಪ್ ಸುತ್ತಿ ಅಂಥದ್ದನ್ನೇ ಮಾಡಿಕೊಳ್ಳಬಹುದು. ಅದು ಒಳಗಿರುವಾಗಲೇ ಪ್ರೆಷರ್ ಪ್ಲೇಟ್ ಬೋಲ್ಟುಗಳನ್ನು ಎದುರುಬದಿರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಗೇರ್‌ಬಾಕ್ಸ್ ಸೇರಿಸುವಾಗ ಕೊನೆಯ ಅರ್ಧ ಅಂಗುಲ ಕೂರದಿದ್ದರೆ ಬೋಲ್ಟು ಹಾಕಿ ಎಳೆಯಬೇಡಿ. ಪುಲ್ಲಿಯನ್ನು ಚೂರು ತಿರುಗಿಸಿ ತಳ್ಳಿ, ಇಲ್ಲವೇ ಮತ್ತೆ ತೆಗೆದು ಪ್ಲೇಟ್ ನಡುವಿಗಿದೆಯೇ ನೋಡಿ. ಎಳೆದರೆ ಒಡೆಯುವುದು ಅಲ್ಯೂಮಿನಿಯಮ್ ಹೌಸಿಂಗ್.

ಖಾಲಿಯಾದ ಎಂಜಿನ್ ಗೂಡನ್ನು ಈಗ ತೊಳೆದು, ತುಕ್ಕು ಕಂಡ ಕಡೆ ಉಜ್ಜಿ ಪ್ರೈಮರ್ ಬಳಿಯಿರಿ. ಎಂಜಿನ್ ಇಳಿಬಿಡುವಾಗ ಒಬ್ಬರು ಚೈನ್, ಒಬ್ಬರು ಎಂಜಿನ್. ಮೌಂಟಿಂಗ್ ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ಹಾಕಿ, ಎಂಜಿನ್ನನ್ನು ಒಮ್ಮೆ ಅಲ್ಲಾಡಿಸಿ, ಅದು ತನ್ನ ಜಾಗಕ್ಕೆ ಕೂತ ಮೇಲೆ ಬಿಗಿಯಿರಿ. ಡ್ರೈವ್ ಶಾಫ್ಟ್ ಒಳತುದಿ 'ಟಕ್' ಎಂದು ಕೂರಬೇಕು. ಕೈಯಿಂದ ಎಳೆದರೆ ಬರಬಾರದು.

ಎಂಜಿನ್ನಿನಿಂದ ಬಾಡಿಗೆ ಬರುವ ಅರ್ತ್ ವೈರಿನ ವಿಷಯ ಬೇರೆಯಾಗಿ ಹೇಳಬೇಕು. ಮೌಂಟಿಂಗುಗಳು ರಬ್ಬರಿನವು, ಅವುಗಳ ಮೂಲಕ ಕರೆಂಟು ಹರಿಯುವುದಿಲ್ಲ. ಅರ್ತ್ ವೈರ್ ಹಾಕಲು ಮರೆತು ಸೆಲ್ಫ್ ಹೊಡೆದರೆ, ಅಷ್ಟೂ ಕರೆಂಟು ಆಕ್ಸಿಲರೇಟರ್, ಚೋಕ್ ಅಥವಾ ಕ್ಲಚ್ ಕೇಬಲ್ಲಿನ ತಂತಿಯಲ್ಲಿ ದಾರಿ ಹುಡುಕುತ್ತದೆ. ಕೇಬಲ್ ಕೆಂಪಗೆ ಕಾದು ಹೊರಗಿನ ಪ್ಲಾಸ್ಟಿಕ್ ಕರಗಿ ಹೊಗೆ ಬರುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಪೈಪಿದೆ. ಎರಡು ತುದಿಯನ್ನೂ ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ ಬಿಗಿಯಿರಿ, ಆಮೇಲೆ ಬ್ಯಾಟರಿ.

ಮೊದಲ ಸ್ಟಾರ್ಟ್

ಎಂಜಿನ್ ಆಯಿಲ್ ಹೊಸ ಫಿಲ್ಟರಿನ ಜತೆ, ಗೇರ್ ಆಯಿಲ್, ಕೂಲಂಟ್ ತುಂಬಿ. ಕೂಲಂಟಿಗೆ ಬೆರೆಸುವುದು ಬ್ಯಾಟರಿಗೆ ಹಾಕುವಂಥ ಶುದ್ಧ ನೀರಾಗಲಿ. ಕಾರು ಬಹಳ ಕಾಲ ನಿಂತಿದ್ದರೆ ಟ್ಯಾಂಕಿನ ಹಳೆಯ ಪೆಟ್ರೋಲ್ ತೆಗೆದುಬಿಡಿ.

ಪ್ಲಗ್ ಹಾಕದೆ, ಕಾಯಿಲ್ ವೈರ್ ಕಳಚಿಟ್ಟು, ಹತ್ತು ಸೆಕೆಂಡಿನಂತೆ ನಡುನಡುವೆ ನಿಲ್ಲಿಸಿ ಸೆಲ್ಫ್ ಹೊಡೆಯಿರಿ. ಆಯಿಲ್ ದೀಪ ಆರಿತೆಂದರೆ ಆಯಿಲ್ ಮೇಲೆ ತಲುಪಿದೆ. ಈಗ ಪ್ಲಗ್ ಹಾಕಿ, ಕಾಯಿಲ್ ವೈರ್ ಮತ್ತೆ ಜೋಡಿಸಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಹೊತ್ತಿಕೊಳ್ಳುವ ಸರದಿ) 1-3-2. ಕಾರ್ಬುರೇಟರ್ ಕಾರಿನ ಪೆಟ್ರೋಲ್ ಪಂಪು ಎಂಜಿನ್ ತಿರುಗಿದರೆ ಮಾತ್ರ ಎಳೆಯುವುದು, ಆದ್ದರಿಂದ ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ. ಹತ್ತಿರ ಅಗ್ನಿಶಾಮಕ ಸಿಲಿಂಡರ್ ಇರಲಿ.

ಎಂಜಿನ್ ಹಿಡಿದ ಮೇಲೆ ರೇಸ್ ಮಾಡಬೇಡಿ. ಆಯಿಲ್ ದೀಪ ನೋಡಿ, ಕೆಳಗೆ ಬಗ್ಗಿ ಸೋರಿಕೆ ನೋಡಿ. ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗಲೇ ತೆಗೆದಿಟ್ಟಿದ್ದರೆ ಗಾಳಿಗುಳ್ಳೆ ಹೊರಬರುವುದು ಕಾಣುತ್ತದೆ. ಮಟ್ಟ ಇಳಿದಂತೆ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಿ. ಸ್ವಲ್ಪ ಹೊತ್ತಿಗೆ ಮೇಲಿನ ಹೋಸ್ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟ್ಯಾಟ್ ತೆರೆದಿದೆ. ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಲ್ಲುವವರೆಗೆ ಅಲ್ಲಿಂದ ಏಳಬೇಡಿ. ಆಮೇಲೆ ಟೈಮಿಂಗ್ ಲೈಟ್ ಹಿಡಿದು ಇಗ್ನಿಷನ್ ಟೈಮಿಂಗ್, ಐಡ್ಲಿಂಗ್ ಹೊಂದಿಸಿ.

ಮೊದಲ ದಿನ ಬಡಾವಣೆಯೊಳಗೇ ಓಡಿಸಿ, ತಣ್ಣಗಾದ ಮೇಲೆ ಮೌಂಟಿಂಗ್, ಸೈಲೆನ್ಸರ್ ಬೋಲ್ಟು, ಹೋಸ್ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿದು ನೋಡಿ. 500 ಕಿಲೋಮೀಟರಿಗೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಅಲ್ಲಿಯವರೆಗೆ ಶಿರಾಡಿ, ಆಗುಂಬೆಯಂಥ ಘಾಟಿ ಹತ್ತಿಸಬೇಡಿ.

ಉಳಿದ ಕಾರು

ಎಂಜಿನ್ ಕೊಟ್ಟ ಕಾರನ್ನು ಗುಜರಿಗೆ ಕಳಿಸುವ ಮುನ್ನ ಆಲ್ಟರ್ನೇಟರ್, ಸೆಲ್ಫ್, ಡಿಸ್ಟ್ರಿಬ್ಯೂಟರ್, ಗಾಜುಗಳು, ಬಾಗಿಲ ಹಿಡಿಕೆ, ಮೀಟರ್ ಬೋರ್ಡ್, ಸ್ಟೀರಿಂಗ್ ರ‍್ಯಾಕ್ ತೆಗೆದಿಡಿ. ಉಳಿದ ಬಾಡಿ ಹೋದ ಮೇಲೂ ಅದರ ನೋಂದಣಿ ನಿಮ್ಮ ಅಥವಾ ಹಿಂದಿನ ಮಾಲೀಕರ ಹೆಸರಿನಲ್ಲಿ ಜೀವಂತವಾಗಿಯೇ ಇರುತ್ತದೆ. ಮತ್ತೆ ಬಳಸಲಾಗದ ಸ್ಥಿತಿಗೆ ಬಂದ ವಾಹನದ ಬಗ್ಗೆ 14 ದಿನದೊಳಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಅದೇ ಕಾಯ್ದೆಯ 55ನೇ ಕಲಂ ಹೇಳುತ್ತದೆ. ನಂಬರ್ ಪ್ಲೇಟುಗಳನ್ನು ಗುಜರಿಯವರಿಗೆ ಕೊಡದೆ ನೀವೇ ಬಿಚ್ಚಿಟ್ಟುಕೊಳ್ಳಿ. ಎಂಜಿನ್ ನಮೂದಿನ ಅರ್ಜಿ ಕೊಡಲು ಆರ್‌ಟಿಒಗೆ ಹೋಗುವ ದಿನವೇ ರದ್ದತಿಯ ಅರ್ಜಿಯನ್ನೂ, ಎರಡೂ ಆರ್‌ಸಿ ಮತ್ತು ಪೆನ್ಸಿಲ್ ಪ್ರಿಂಟ್ ಜತೆಗೆ ಕೊಟ್ಟು, ಎರಡಕ್ಕೂ ಸ್ವೀಕೃತಿ ಪಡೆದುಕೊಂಡು ಬನ್ನಿ.